ಬಾಯಿಪಾಠಕ್ಕೆ ಸಿಗದ ನೊಣ

ನಾನು ಕಲಿತ ಮೊದಲ ಇಂಗ್ಲಿಷ್ ಪಾಠ ಎ, ಬಿ, ಸಿ, ಡಿ ಅಲ್ಲ. ಅದು ಹೀಗಿತ್ತು: ಇ. ಎಫ್ ಪಿ. ಟಿ ಒ ಝಡ್. ಎಲ್ ಪಿ ಇ ಡಿ. ಕಣ್ಣಿನ ಆಸ್ಪತ್ರೆಯ ಗೋಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಸಣ್ಣದಾಗುತ್ತಾ ಹೋಗುವ ಅಕ್ಷರಗಳ ಚಾರ್ಟು ನೋಡಿರುತ್ತೀರಲ್ಲ, ಅದರ ಸಾಲುಗಳು ಇವು. ಮಗ್ಗಿ ಮರೆತಿದ್ದೇನೆ, ಶಾಲೆಯಲ್ಲಿ ಕಲಿತ ಪದ್ಯಗಳೂ ಅರ್ಧಂಬರ್ಧ ಮರೆತಿವೆ. ಇದು ಮಾತ್ರ ಇವತ್ತಿಗೂ ಒಂದು ಅಕ್ಷರ ತಪ್ಪುವುದಿಲ್ಲ.

ಇದನ್ನು ಕಲಿಸಿದವರು ಬಡವನಹಳ್ಳಿ ಹತ್ತಿರದ ನಮ್ಮೂರಿನ ಸರ್ಕಾರಿ ಶಾಲೆಯ ಮೇಷ್ಟ್ರು. ನಾನಾಗ ಮೂರನೇ ಕ್ಲಾಸು. ಮಕ್ಕಳ ಕಣ್ಣು ನೋಡಲು ಆಸ್ಪತ್ರೆಯವರು ಬರುತ್ತಾರೆಂದು ಸುದ್ದಿ ಬಂತು. ಅದಕ್ಕೆ ಒಂದು ವಾರ ಮೊದಲೇ ಆರೋಗ್ಯ ಇಲಾಖೆಯ ಸಿಸ್ಟರ್ ಒಬ್ಬರು ಸುರುಳಿ ಸುತ್ತಿದ ಚಾರ್ಟನ್ನು ಶಾಲೆಯಲ್ಲಿ ಇಟ್ಟುಹೋದರು. ಮೇಷ್ಟ್ರು ಅದನ್ನು ಬಿಡಿಸಿ ನೋಡಿ ತಲೆಯ ಮೇಲೆ ಕೈ ಹೊತ್ತರು. ನಮ್ಮಲ್ಲಿ ಯಾರಿಗೂ ಇಂಗ್ಲಿಷ್ ಅಕ್ಷರ ನೆಟ್ಟಗೆ ಬರುತ್ತಿರಲಿಲ್ಲ. ಕಣ್ಣು ಚೆನ್ನಾಗಿರುವ ಹುಡುಗ ಅಕ್ಷರ ಗೊತ್ತಿಲ್ಲದೆ ಬಾಯಿ ಮುಚ್ಚಿಕೊಂಡು ನಿಂತರೆ, ಬಂದವರು ಅವನಿಗೆ ಕಣ್ಣೇ ಕಾಣುವುದಿಲ್ಲ ಎಂದು ಬರೆದುಕೊಂಡು ಹೋದಾರು ಎಂಬುದು ಅವರ ಭಯ.

"ಮಕ್ಳ ಕಣ್ಗೆ ಕೆಟ್ಟೆಸ್ರು ಬರಬಾರ್ದು ಕಣ್ರಲಾ" ಎಂದು ಅವರು ಚಾರ್ಟನ್ನು ಕರಿಹಲಗೆಯ ಪಕ್ಕ ಮೊಳೆ ಹೊಡೆದು ನೇತುಹಾಕಿದರು. ಆ ಒಂದು ವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಅದರದೇ ಪಾಠ. ಅವರು ಕೋಲಿನಿಂದ ತೋರಿಸುತ್ತಿದ್ದರು, ನಾವು ರಾಗ ಎಳೆಯುತ್ತಿದ್ದೆವು. ಮೂರನೇ ದಿನಕ್ಕೆ ಕೋಲು ಬೇಕಾಗಲಿಲ್ಲ. ಐದನೇ ದಿನಕ್ಕೆ ಚಾರ್ಟೂ ಬೇಕಾಗಲಿಲ್ಲ.

ಆಸ್ಪತ್ರೆಯವರು ಬಂದ ದಿನ ನಮ್ಮ ಶಾಲೆ ಮೆರೆಯಿತು. ಒಬ್ಬೊಬ್ಬರನ್ನೇ ಗೆರೆಯ ಮೇಲೆ ನಿಲ್ಲಿಸಿ, ಒಂದು ಕಣ್ಣಿಗೆ ಕಪ್ಪು ಸೌಟಿನಂಥದ್ದನ್ನು ಅಡ್ಡ ಹಿಡಿದು ಓದಿಸಿದರು. ನನ್ನ ಎಡಗಣ್ಣು ಮುಚ್ಚಿದಾಗ ಅಕ್ಷರಗಳೆಲ್ಲ ಫಳಫಳ ಕಂಡವು. ಬಲಗಣ್ಣು ಮುಚ್ಚಿದಾಗ ಗೋಡೆಯ ಮೇಲೆ ಒಂದು ಬಿಳಿ ಬಟ್ಟೆ ಒಣಹಾಕಿದ ಹಾಗೆ ಕಂಡಿತೇ ಹೊರತು ಅಕ್ಷರ ಒಂದೂ ಇರಲಿಲ್ಲ. ಅದರಲ್ಲೇನೂ ವಿಶೇಷ ನನಗೆ ಕಾಣಲಿಲ್ಲ. ಉಣ್ಣುವುದಕ್ಕೆ ಬಲಗೈ ಇರುವ ಹಾಗೆ ನೋಡುವುದಕ್ಕೆ ಬಲಗಣ್ಣು, ಎಡಗಣ್ಣು ಜೊತೆಗೆ ಇರುತ್ತದೆ ಅಷ್ಟೆ, ಎಲ್ಲರಿಗೂ ಹೀಗೇ ಎಂದು ತಿಳಿದಿದ್ದೆ. ರಾಗವಾಗಿ ಕೊನೆಯ ಸಾಲಿನವರೆಗೂ ಒಪ್ಪಿಸಿಬಿಟ್ಟೆ. "ವೆರಿ ಗುಡ್" ಎಂದರು. ಇಡೀ ಶಾಲೆಯಲ್ಲಿ ಒಬ್ಬರಿಗೂ ಕಣ್ಣಿನ ತೊಂದರೆ ಇಲ್ಲವೆಂದು ಬರೆದುಕೊಂಡು ಹೊರಟರು. ಮೇಷ್ಟ್ರು ಖುಷಿಯಿಂದ ನಮಗೆಲ್ಲ ಒಂದೊಂದು ಕಡಲೆ ಮಿಠಾಯಿ ಹಂಚಿದರು. ನನ್ನ ಎಡಗಣ್ಣನ್ನು ನಾನು ಒಂದು ಕಡಲೆ ಮಿಠಾಯಿಗೆ ಮಾರಿದ್ದು ಹೀಗೆ.

ಇದು ಗೊತ್ತಾಗುವ ಹೊತ್ತಿಗೆ ನನಗೆ ಹತ್ತೊಂಬತ್ತು ತುಂಬಿತ್ತು. ಅದಕ್ಕೂ ಮುಂಚಿನ ಮಾತು: ಮಧುಗಿರಿಯಲ್ಲಿ ಪಿಯುಸಿ ಸೈನ್ಸ್ ಮುಗಿಸಿ, ಡಾಕ್ಟರಿಕೆಯ ಸೀಟು ಸಿಗುವಷ್ಟು ಅಂಕ ಬಾರದೆ, ಮುಖ ಊದಿಸಿಕೊಂಡು ಮನೆಯಲ್ಲಿ ಕೂತಿದ್ದೆ. ಕಣ್ಣು ಪರೀಕ್ಷೆಯ ಓದಿನಲ್ಲೂ ಡಿಗ್ರಿ ಇದೆಯೆಂದು, ಕೋರ್ಟಿನ ಎದುರು ಅರ್ಜಿ ಬರೆದುಕೊಡುವ ನನ್ನ ಅಪ್ಪನಿಗೆ ಹೇಳಿದವರು ಅದೇ ಮೇಷ್ಟ್ರು. ಅವರೇ ಎಲ್ಲೋ ವಿಚಾರಿಸಿ, ಬೆಂಗಳೂರಿನ ಒಂದು ಕಾಲೇಜಿನ ಅರ್ಜಿ ಫಾರಂ ತಂದುಕೊಟ್ಟರು. ಅಮ್ಮನಿಗೆ ಮಾತ್ರ ಇದು ಏನು ಓದು ಎಂದು ತಲೆಗೆ ಹೋಗಲಿಲ್ಲ.

"ಕಣ್ಣಿನ್ ಡಾಕ್ಟ್ರಾ?"

"ಅಲ್ಲ."

"ಕನ್ನಡಕ್ದ ಅಂಗ್ಡಿಯಾ?"

"ಅಲ್ಲಮ್ಮ. ಎರಡು ಕಣ್ಣೂ ಜೊತೇಲಿ ಕೆಲ್ಸ ಮಾಡ್ತವಾ ಅಂತ ನೋಡೋದು, ಮಾಡ್ದಿದ್ರೆ ಮಾಡ್ಸೋದು."

"ಅದನ್ನೇನ್ ನೋಡೋದು, ಎರಡೂ ಒಂದೇ ಮುಖ್ದಾಗವೆ" ಎಂದಳು ಅಮ್ಮ. ಆದರೂ ಟ್ರಂಕು ತುಂಬಿಸಿಕೊಟ್ಟಳು.

ಎರಡನೇ ವರ್ಷದಲ್ಲಿ ನಮ್ಮ ಮೇಡಂ ಒಂದು ಪುಸ್ತಕ ತಂದರು. ತೆರೆದರೆ ಒಂದು ಪುಟದ ತುಂಬ ದೊಡ್ಡ ನೊಣದ ಚಿತ್ರ. ಅದರ ಜೊತೆಗೇ ಬರುವ ಕಪ್ಪು ಕನ್ನಡಕ ಹಾಕಿಕೊಂಡು ನೋಡಿದರೆ, ಎರಡು ಕಣ್ಣೂ ಜೊತೆಯಾಗಿ ಕೆಲಸ ಮಾಡುವವರಿಗೆ ಆ ನೊಣ ಹಾಳೆಯಿಂದ ಮೇಲೆದ್ದು ನಿಂತಂತೆ ಕಾಣುತ್ತದೆ. ರೆಕ್ಕೆ ಹಿಡಿ ಎಂದರೆ ಅಂಥವರು ಗಾಳಿಯಲ್ಲಿ ಚಿವುಟುತ್ತಾರೆ. ಒಂದೇ ಕಣ್ಣಿನಲ್ಲಿ ನೋಡುವವರು ಹಾಳೆಯನ್ನೇ ಮುಟ್ಟುತ್ತಾರೆ. ನನಗಿಂತ ಮುಂಚೆ ಕೂತ ಹುಡುಗಿಯರು "ಅಯ್ಯಪ್ಪಾ" ಎಂದು ಹಿಂದಕ್ಕೆ ಸರಿದರು, ನಕ್ಕರು, ಹಾಳೆಯಿಂದ ಎರಡಂಗುಲ ಮೇಲೆ ಗಾಳಿ ಚಿವುಟಿದರು. ನನ್ನ ಸರದಿ ಬಂತು. ಕನ್ನಡಕ ಹಾಕಿಕೊಂಡು ನೋಡಿದೆ. ಹಾಳೆಯ ಮೇಲೆ ಒಂದು ಚಿತ್ರದ ನೊಣ ಚಪ್ಪಟೆಯಾಗಿ ಬಿದ್ದಿತ್ತು.

 ಒಂದು ಕಣ್ಣು ಸರಿಯಿಲ್ಲದವಳಿಗೆ ಈ ಓದು ಯಾಕೆ ಎಂದು ಮನೆಗೆ ಕಳಿಸಿಬಿಟ್ಟರೆ? ನಾನು ಮೇಷ್ಟ್ರ ಶಿಷ್ಯೆ ಅಲ್ಲವೇ? ಉಳಿದವರು ಎಲ್ಲಿ ಚಿವುಟಿದ್ದರೋ ಅಲ್ಲೇ, ಅಷ್ಟೇ ಎತ್ತರದಲ್ಲಿ ಗಾಳಿ ಚಿವುಟಿ "ಅಯ್ಯಪ್ಪಾ" ಎಂದೆ.

ಮೇಡಂ ಪುಸ್ತಕವನ್ನು ತಲೆಕೆಳಗು ಮಾಡಿ ಇಟ್ಟು, "ಈಗ ಹಿಡಿ" ಎಂದರು. ನಾನು ಮತ್ತೆ ಅಲ್ಲೇ ಗಾಳಿ ಚಿವುಟಿದೆ. ಮತ್ತೆ "ಅಯ್ಯಪ್ಪಾ" ಎಂದೆ. ಪಕ್ಕದವರು ಯಾರೂ ನಗದೇ ಇದ್ದುದನ್ನು ನೋಡಿ ನನಗೆ ಏನೋ ಎಡವಟ್ಟಾಗಿದೆ ಎನಿಸಿತು. ಆ ಪುಸ್ತಕವನ್ನು ತಲೆಕೆಳಗು ಮಾಡಿದರೆ ನೊಣ ಮೇಲೆ ಏಳುವುದಿಲ್ಲ, ಹಾಳೆಯ ಒಳಕ್ಕೆ ಇಳಿದು ಹೋದಂತೆ ಕಾಣುತ್ತದೆ. ಸುಳ್ಳು ಹೇಳುವವರನ್ನು ಹಿಡಿಯಲೆಂದೇ ಹಾಗೆ ತಿರುಗಿಸುತ್ತಾರಂತೆ.

ಎಲ್ಲರನ್ನೂ ಊಟಕ್ಕೆ ಕಳಿಸಿ ಮೇಡಂ ನನ್ನನ್ನು ಕೂರಿಸಿಕೊಂಡರು. ಅರ್ಧ ಗಂಟೆ ನನ್ನ ಎರಡೂ ಕಣ್ಣನ್ನು ನೋಡಿದರು. ಎಡಗಣ್ಣಿಗೆ ರೋಗ ಏನೂ ಇರಲಿಲ್ಲ. ಆದರೆ ಅದಕ್ಕೆ ಚಿಕ್ಕಂದಿನಿಂದಲೇ ಹೆಚ್ಚು ಪವರಿನ ಕನ್ನಡಕ ಬೇಕಿತ್ತು. ಅದು ಸಿಗದೆ ಆ ಕಣ್ಣು ಮಸುಕಾಗಿ ನೋಡುತ್ತಾ ನೋಡುತ್ತಾ, ಮಿದುಳು ಅದರ ಮಾತು ಕೇಳುವುದನ್ನೇ ಬಿಟ್ಟುಬಿಟ್ಟಿತ್ತು. ಸೋಮಾರಿ ಕಣ್ಣು ಎನ್ನುತ್ತೇವೆ ಇದಕ್ಕೆ. ಏಳೆಂಟು ವರ್ಷದೊಳಗೆ ಹಿಡಿದಿದ್ದರೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ದಿನಾ ಸ್ವಲ್ಪ ಹೊತ್ತು ಪಟ್ಟಿ ಅಂಟಿಸಿ, ಆ ಸೋಮಾರಿಯನ್ನು ದುಡಿಸಬಹುದಿತ್ತು.

"ಕಾಲೇಜು ಬಿಡಿಸ್ತೀರಾ ಮೇಡಂ?" ಎಂದು ಕೇಳಿದೆ. ಅಳುತ್ತಿದ್ದೆ.

"ಯಾಕಮ್ಮ ಬಿಡಿಸ್ಲಿ? ಬಲಗಣ್ಣಲ್ಲಿ ಚೆನ್ನಾಗಿ ನೋಡ್ತೀಯ, ಕೆಲಸ ಮಾಡ್ಬಹುದು. ಕೆಲವು ಕೆಲಸಕ್ಕೆ ಬೇರೆಯವರಿಗಿಂತ ಸ್ವಲ್ಪ ನಿಧಾನ ಆಗುತ್ತೆ ಅಷ್ಟೆ" ಎಂದರು. ಆಮೇಲೆ ನಕ್ಕರು. "ಆದ್ರೆ ಒಂದು ಮಾತು. ಪೇಷಂಟು ತಪ್ಪು ಹೇಳಿದಾಗ ಎಲ್ಲರೂ ಯಾಕೆ ಅಂತ ಕೇಳ್ತಾರೆ. ನೀನು, ಸರಿಯಾಗಿ ಹೇಳಿದಾಗಲೂ ಯಾಕೆ ಅಂತ ಕೇಳ್ಕೋ. ಅದು ನಿನ್ನಷ್ಟು ಚೆನ್ನಾಗಿ ಈ ಕ್ಲಾಸಲ್ಲಿ ಇನ್ಯಾರಿಗೂ ಗೊತ್ತಿಲ್ಲ."

ಆ ಮಾತಿಗೆ ನಾನು ಇವತ್ತಿಗೂ ಋಣಿ. ಆದರೆ ಆವತ್ತು ನನ್ನ ಮನಸ್ಸಿನಲ್ಲಿ ಇದ್ದದ್ದು ಬರೀ ಸಿಟ್ಟು. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ. ಮುಂದಿನ ರಜೆಗೆ ಊರಿಗೆ ಹೋದವಳು ಬ್ಯಾಗು ಮನೆಯಲ್ಲಿಟ್ಟು ನೇರ ಮೇಷ್ಟ್ರ ಮನೆಗೆ ನಡೆದೆ. ಅವರು ರಿಟೈರಾಗಿ ಅಂಗಳದಲ್ಲಿ ಬದನೆ ಗಿಡ ಬೆಳೆಸಿಕೊಂಡಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ದನಿ ಏರಿತ್ತು. ನೀವು ಬಾಯಿಪಾಠ ಮಾಡಿಸದಿದ್ದರೆ ನನ್ನ ಕಣ್ಣು ಉಳಿಯುತ್ತಿತ್ತು ಎಂದುಬಿಟ್ಟೆ.

ಮೇಷ್ಟ್ರು ಕೈಯಲ್ಲಿದ್ದ ಮಣ್ಣನ್ನು ಉಜ್ಜಿಕೊಂಡರು. ಆಮೇಲೆ, "ಆ ಚಾರ್ಟು ಇನ್ನೂ ಸ್ಕೂಲ್ ಗೋಡೆ ಮೇಲೇ ಐತೆ ಕಣಮ್ಮ" ಎಂದರು. "ಮಕ್ಳು ದಿನಾ ಓದ್ತವೆ. ನಾನೇ ಹಾಕಿ ಬಂದಿದ್ದು." ಚಪ್ಪಲಿ ಮೆಟ್ಟಿಕೊಂಡು ಎದ್ದರು. ನಾನು ಹಿಂದೆ ಹೋದೆ. ಶಾಲೆಯ ಈಗಿನ ಟೀಚರ್ ಹತ್ತಿರ ಬೀಗದ ಕೈ ಇಸಿದುಕೊಂಡು, ಬೆಂಚಿನ ಮೇಲೆ ಹತ್ತಿ, ಮೊಳೆ ಕೀಳಲು ಬರದೆ ಕೊನೆಗೆ ಚಾರ್ಟನ್ನೇ ಎಳೆದು ಕಿತ್ತರು. ಕೆಳಗಿಳಿದಾಗ ಅವರ ಕಣ್ಣು ತುಂಬಿತ್ತು. "ನಿಂದೊಂದು ಕಣ್ಣು ನಾನೇ ಕಳ್ದೆನಲ್ಲೇ ತಾಯಿ" ಎಂದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನನಗೆ ಮೊದಲ ಅಕ್ಷರ ಕಲಿಸಿದವರೂ ಅವರೇ, ಕಾಲೇಜಿನ ಫಾರಂ ತಂದವರೂ ಅವರೇ. ಆ ಹರಕು ಚಾರ್ಟನ್ನು ನಾವಿಬ್ಬರೂ ಒಂದೊಂದು ತುದಿ ಹಿಡಿದು ಸುತ್ತಿದೆವು.

ಅದೇ ರಜೆಯಲ್ಲಿ ಅಕ್ಕನನ್ನು ನೋಡಲು ಪಾವಗಡದ ಕಡೆ ವಳ್ಳೂರಿಗೆ ಹೋದೆ. ಅಲ್ಲಿ ಈಗ ಎತ್ತ ನೋಡಿದರೂ ಸೋಲಾರ್ ಹಲಗೆಗಳು, ಮಧ್ಯಾಹ್ನ ಕಣ್ಣು ಬಿಡಲಾಗುವುದಿಲ್ಲ. ಅಕ್ಕನ ಮಗಳಿಗೆ ಆಗ ಐದೂವರೆ ವರ್ಷ. ಅವಳ ಎಡಗಣ್ಣು ಸ್ವಲ್ಪ ಮೂಗಿನ ಕಡೆಗೆ ವಾಲುತ್ತಿತ್ತು. ಹಿಂದೆಯೂ ನೋಡಿದ್ದೆ. ಮುದ್ದಾಗಿದೆ ಎಂದುಕೊಂಡಿದ್ದೆನೇ ಹೊರತು ಬೇರೇನೂ ಹೊಳೆದಿರಲಿಲ್ಲ. ಈ ಸಲ ಅವಳ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಅವಳಿಗೆ ಇನ್ನೂ ಸಮಯವಿತ್ತು. ಬಹಳವಿರಲಿಲ್ಲ.

ಅಕ್ಕನ ಅತ್ತೆಯನ್ನು ನಾನೂ ಅತ್ತೆ ಎಂದೇ ಕರೆಯುವುದು. ಅವರ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿಯಿತು, ತೆಲುಗು ಎಲ್ಲಿ ಶುರುವಾಯಿತು ಎಂದು ಅವರಿಗೂ ಗೊತ್ತಾಗುವುದಿಲ್ಲ. ಕಣ್ಣು ತೋರಿಸಬೇಕು ಎಂದು ನಾನು ಬಾಯಿ ತೆರೆದದ್ದೇ ತಡ, ಮೊಮ್ಮಗಳನ್ನು ಸೆರಗಿನ ಒಳಗೆ ಎಳೆದುಕೊಂಡರು.

"ಮೆಳ್ಳೆಗಣ್ಣು ಅಂದ್ರೆ ಅದೃಷ್ಟಂ ತಲ್ಲೀ. ಇದು ಹುಟ್ಟಿದ್ಮೇಲೇ ನಮ್ ಬೆದ್ಲು ಹೊಲ ಸೋಲಾರ್‌ನೋರು ಕೇಳ್ಕಂಡ್ ಬಂದಿದ್ದು. ಆ ಕಣ್ಣು ನೆಟ್ಟಗ್ ಮಾಡಿ ಮನೆ ಅದೃಷ್ಟ ಕಳೀಬೇಕಾ? ವದ್ದಮ್ಮಾ, ಬ್ಯಾಡ."

ಅಕ್ಕ ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ನೀರು ತರುವ ನೆಪದಲ್ಲಿ ಒಳಗೆ ಹೋದಳು. ನನಗೆ ವಾದ ಮಾಡುವ ಆಸೆ ನಾಲಿಗೆಯ ತನಕ ಬಂದಿತ್ತು. ಹಲ್ಲು ಕಚ್ಚಿಕೊಂಡೆ. ಜಗುಲಿಯ ಮೇಲೆ ಅತ್ತೆ ಕಡಲೆಕಾಯಿ ಸುಲಿಯುತ್ತಿದ್ದರು, ಹುಡುಗಿಯೂ ಪಕ್ಕದಲ್ಲಿ ಕೂತು ಬೀಜ ಆರಿಸಿ ಮೊರಕ್ಕೆ ಹಾಕುತ್ತಿತ್ತು. "ಬಾರೇ, ಒಂದಾಟ ಆಡೋಣ" ಎಂದು ಅವಳ ಬಲಗಣ್ಣನ್ನು ನನ್ನ ಅಂಗೈಯಿಂದ ಮುಚ್ಚಿದೆ. "ಈಗ ಬೀಜ ಆರ್ಸು."

ಸಿಪ್ಪೆ ಯಾವುದು, ಬೀಜ ಯಾವುದು ಅವಳಿಗೆ ತಿಳಿಯಲಿಲ್ಲ. ಬೆರಳಿನಿಂದ ತಡಕಾಡಿದಳು. ಸಿಪ್ಪೆ ಎತ್ತಿ ಮೊರಕ್ಕೆ ಹಾಕಿದಳು, ಒಂದಲ್ಲ, ನಾಲ್ಕೈದು ಸಲ. "ಕಾಣ್ತಾ ಇಲ್ಲ, ಕೈ ತೆಗಿ ಚಿಕ್ಕಮ್ಮ" ಎಂದು ಅಳುಮೋರೆ ಮಾಡಿದಳು. ಅತ್ತೆಯ ಕೈ ನಿಂತುಹೋಯಿತು. ಅವರೇ ನನ್ನ ಕೈ ತೆಗೆಸಿ, ತಮ್ಮ ಕೈಯಿಂದ ಮೊಮ್ಮಗಳ ಬಲಗಣ್ಣು ಮುಚ್ಚಿ, ಇನ್ನೊಮ್ಮೆ ಆರಿಸಲು ಹೇಳಿದರು. ಮತ್ತೆ ಸಿಪ್ಪೆಯೇ ಬಂತು. ಮೊರವನ್ನು ಪಕ್ಕಕ್ಕೆ ಸರಿಸಿ, "ಇಷ್ಟು ದಿನ ಆ ಕಣ್ಣು ಕತ್ಲಾಗಿತ್ತಾ?" ಎಂದು ಕೇಳಿದರು. ಪೂರ್ತಿ ಕತ್ತಲಲ್ಲ, ಮಂಜು ಎಂದೆ. ನನ್ನ ಕಣ್ಣೂ ಹೀಗೇ ಎಂದು ಆವತ್ತು ಮೊದಲ ಸಲ ಮನೆಯವರ ಮುಂದೆ ಹೇಳಿದೆ. ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದ ಅಕ್ಕ ಅದನ್ನು ಅಲ್ಲೇ ಇಟ್ಟು ಬಂದು ಮಗಳ ಪಕ್ಕ ಕೂತಳು.

ಆ ವಾರವೇ ಮಧುಗಿರಿಯ ಕಣ್ಣಿನ ಕೇಂದ್ರದಲ್ಲಿ ಡಾಕ್ಟರು ನೋಡಿದರು, ಕನ್ನಡಕ ಕೊಟ್ಟರು. ಬಲಗಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ. ಅಲ್ಲಿಂದ ಮುಂದಿನದೆಲ್ಲ ಅತ್ತೆಯ ಕೆಲಸ. ಪಟ್ಟಿ ಅಂಟಿಸಿಕೊಂಡು ಜಗುಲಿಯ ಮೇಲೆ ಕಡಲೆ ಬೀಜ ಆರಿಸುವುದು, ಆಮೇಲೆ ಅವರೆ, ಆಮೇಲೆ ಹೆಸರುಕಾಳಿನ ಕಲ್ಲು. ದಾರಿಹೋಕರೆಲ್ಲ, ಕೆಟ್ಟ ಕಣ್ಣು ಬಿಟ್ಟು ಒಳ್ಳೆ ಕಣ್ಣಿಗೆ ಯಾಕೆ ಪಟ್ಟಿ ಕಟ್ಟಿದ್ದೀರಿ ಎಂದು ಕೇಳಿ ಹೋಗುತ್ತಿದ್ದರಂತೆ. ಅತ್ತೆ ಅವರನ್ನೆಲ್ಲ ಕೂರಿಸಿ ಪಾಠ ಮಾಡುತ್ತಿದ್ದರಂತೆ. ನಾನು ಹಾಸ್ಟೆಲಿನಿಂದ ಫೋನು ಮಾಡಿದಾಗ ಒಮ್ಮೆ ಗುಟ್ಟಿನ ದನಿಯಲ್ಲಿ ಹೇಳಿದರು: "ಕನ್ನಡಕ ಹಾಕಿದ್ರೆ ಕಣ್ಣು ನೆಟ್ಟಗಾಗ್ತೈತೆ. ತೆಗ್ದ್ರೆ ಮತ್ತೆ ಮೆಳ್ಳೆ. ಅದೃಷ್ಟ ಎಲ್ಲೂ ಹೋಗಿಲ್ಲ ಬುಡು ತಲ್ಲೀ, ಒಳ್ಗೇ ಐತೆ."

ಹೀಗೆ ಒಂದು ವರ್ಷದ ಮೇಲಾಯಿತು. ಕೊನೆಯ ವರ್ಷದ ಇಂಟರ್ನ್‌ಶಿಪ್ಪಿಗೆ ನನ್ನನ್ನು ಮಧುಗಿರಿಯ ಅದೇ ಕೇಂದ್ರಕ್ಕೆ ಹಾಕಿದರು. ಹೊರಡುವಾಗ ಮೇಡಂ ಆ ನೊಣದ ಪುಸ್ತಕವನ್ನು ನನ್ನ ಕೈಗಿಟ್ಟು, "ಅಕ್ಕನ ಮಗಳಿಗೆ ನೀನೇ ತೋರಿಸು, ಆಮೇಲೆ ತಂದುಕೊಡು" ಎಂದರು. ಆ ಪುಸ್ತಕವನ್ನು ಅವರು ಬೀರುವಿನಿಂದ ಹೊರಗೆ ತೆಗೆಯುವುದೇ ಅಪರೂಪ.

ಅತ್ತೆ, ಅಕ್ಕ, ಹುಡುಗಿ ಮೂವರೂ ಬೆಳಗಿನ ಬಸ್ಸಿಗೆ ಬಂದಿಳಿದರು. ಕನ್ನಡಕ ಹಾಕಿದ ಹುಡುಗಿಯನ್ನು ಕುರ್ಚಿಯ ಮೇಲೆ ಕೂರಿಸಿ, ಬಲಗಣ್ಣು ಮುಚ್ಚಿ, ಚಾರ್ಟಿನ ದೀಪ ಹಾಕಿದೆ. ದೀಪ ಪೂರ್ತಿ ಹತ್ತುವ ಮೊದಲೇ ಶುರುವಾಯಿತು: "ಇ! ಎಫ್ ಪಿ! ಟಿ ಒ ಝಡ್! ಎಲ್ ಪಿ ಇ ಡಿ!" ಕೊನೆಯ ಸಾಲಿನವರೆಗೂ ಉಸಿರು ಬಿಡದೆ ಒಪ್ಪಿಸಿದಳು.

ಅಕ್ಕ ಚಪ್ಪಾಳೆ ತಟ್ಟಿದಳು.  ಆ ರಾಗ ನನಗೆ ಗೊತ್ತಿತ್ತು.

"ಎಲ್ಲಿ ಕಲ್ತೆ ಇದನ್ನ?"

"ಅವ್ವ ಹೇಳಿಕೊಡ್ತು. ದಿನಾ ಸಂಜೆ."

ಅವಳು ಅವ್ವ ಎನ್ನುವುದು ಅಜ್ಜಿಯನ್ನು. ಅತ್ತೆ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡರು. ತಪ್ಪು ನನ್ನದೇ. ವಾರಕ್ಕೊಮ್ಮೆ ನೋಡಿಕೊಳ್ಳಲಿ ಎಂದು ಕಾಗದದ ಚಾರ್ಟೊಂದನ್ನು ಅಕ್ಕನ ಮನೆಯಲ್ಲಿ ನಾನೇ ಇಟ್ಟು ಬಂದಿದ್ದೆ, ಮೇಷ್ಟ್ರ ಶಾಲೆಯಲ್ಲಿ ಸಿಸ್ಟರ್ ಇಟ್ಟುಹೋದ ಹಾಗೆ. ಓದು ಬರಹ ಬಾರದ ಅತ್ತೆ ಅಕ್ಕನಿಂದ ಅಕ್ಷರಗಳನ್ನು ಕೇಳಿ ಕಲಿತು ಮೊಮ್ಮಗಳಿಗೆ ಹೇಳಿಕೊಟ್ಟಿದ್ದರು. "ನಿನ್ ಮೇಡಮ್ಮೋರ ತಾವ ನಿಂಗ್ ಕೆಟ್ಟೆಸ್ರು ಬರಬಾರ್ದಲ್ಲ, ಅದ್ಕೆ" ಎಂದರು.  ನನಗಾಗಿ ಆ ವಯಸ್ಸಿನಲ್ಲಿ ಇಂಗ್ಲಿಷ್ ಕಲಿತವರನ್ನು ಏನೆಂದು ಬೈಯಲಿ?

ಆದರೆ ಪಟ್ಟಿ ಕೆಲಸ ಮಾಡಿದೆಯೋ ಇಲ್ಲವೋ ಈಗ ತಿಳಿಯುವುದು ಹೇಗೆ? ಬ್ಯಾಗಿನಿಂದ ನೊಣದ ಪುಸ್ತಕ ತೆಗೆದೆ. ಅದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅವಳ ಕನ್ನಡಕದ ಮೇಲೇ ಕಪ್ಪು ಕನ್ನಡಕ ಏರಿಸಿ, ಪುಟ ತೆರೆದು ಮುಂದೆ ಇಟ್ಟೆ. ಏನು ಕಾಣಬೇಕು ಎಂದು ಹೇಳಲಿಲ್ಲ. "ರೆಕ್ಕೆ ಹಿಡಿ" ಎಂದೆ ಅಷ್ಟೆ. ಅವಳ ಬೆರಳು ಹಾಳೆ ಮುಟ್ಟಿದರೆ ಅವಳೂ ನನ್ನ ಹಾಗೆಯೇ. ಕೆಳಗಿಳಿಯುತ್ತಿದ್ದ ಆ ಎರಡು ಬೆರಳುಗಳನ್ನೇ ನೋಡುತ್ತಿದ್ದೆ.

ಬೆರಳುಗಳು ಹಾಳೆಯಿಂದ ಎರಡಂಗುಲ ಮೇಲೆ ನಿಂತವು. ಅವಳು ಗಾಳಿಯನ್ನು ಚಿವುಟಿ, "ಥೂ, ಕಚ್ತೈತೆ" ಎಂದು ಕೈ ಎಳೆದುಕೊಂಡಳು.

ನನಗೆ ಇನ್ನೂ ನಂಬಿಕೆ ಬರಲಿಲ್ಲ. ಮೇಡಂ ಮಾಡಿದ ಹಾಗೆ ಪುಸ್ತಕವನ್ನು ತಲೆಕೆಳಗು ಮಾಡಿದೆ. "ಈಗ?"

ಅವಳು ಬಗ್ಗಿ ನೋಡಿದಳು. ಕುರ್ಚಿಯಿಂದ ಅರ್ಧ ಎದ್ದು ಇನ್ನೂ ಬಗ್ಗಿದಳು. "ಅಯ್ಯೋ, ಒಳಕ್ ಬಿದ್ದೋಯ್ತು ಚಿಕ್ಕಮ್ಮ! ಬಾವೀಲಿ ಬಿದ್ದಂಗೆ!"

ಇದನ್ನು ಯಾರೂ ಬಾಯಿಪಾಠ ಮಾಡಿಸಲು ಸಾಧ್ಯವಿಲ್ಲ. ನಾನು ಅಳು ತಡೆದುಕೊಳ್ಳುವ ಗೋಜಿಗೂ ಹೋಗಲಿಲ್ಲ. ಮೇಷ್ಟ್ರು, ಮೇಡಂ, ಜಗುಲಿಯ ಮೇಲೆ ದಿನಾ ಎರಡು ಗಂಟೆ ಕೂತ ಈ ಅತ್ತೆ, ಎಲ್ಲರೂ ಒಟ್ಟಿಗೆ ನೆನಪಾದರು. ಯಾಕೆ ಅಳುತ್ತೀಯೆಂದು ಅಕ್ಕ ಗಾಬರಿಯಾದಳು. ಏನೂ ಇಲ್ಲ, ಎರಡೂ ಕಣ್ಣು ಜೊತೆಗೆ ನೋಡುತ್ತಿವೆ ಎಂದೆ. ಪುಸ್ತಕವನ್ನು ಸರಿಯಾಗಿ ತಿರುಗಿಸಿಟ್ಟೆ.

"ನಿಂಗೂ ಕಾಣ್ತೈತಾ ಅದು, ಎದ್ದು ನಿಂತಿರೋದು?" ಅತ್ತೆ ಮೆಲ್ಲಗೆ ಕೇಳಿದರು.

"ಇಲ್ಲ ಅತ್ತೆ. ನಂಗೆ ಕಾಣಲ್ಲ."

ಹುಡುಗಿ ನನ್ನನ್ನು ನೋಡಿದಳು. ಇಷ್ಟು ದೊಡ್ಡ ನೊಣ ಕಾಣದವಳು ಇವಳೊಬ್ಬಳು ಎನ್ನುವಂತೆ ನೋಡಿದಳು. ಆಮೇಲೆ ನನ್ನ ತೋರುಬೆರಳನ್ನು ಹಿಡಿದುಕೊಂಡು, ಪುಸ್ತಕದ ಮೇಲಕ್ಕೆ ಒಯ್ದು, ಖಾಲಿ ಗಾಳಿಯಲ್ಲಿ ಒಂದು ಕಡೆ ನಿಲ್ಲಿಸಿದಳು.

"ಇಲ್ಲೈತೆ ನೋಡು ರೆಕ್ಕೆ. ಅಲ್ಲಾಡಿಸ್ಬೇಡ."

ನಾನು ಅಲ್ಲಾಡಿಸಲಿಲ್ಲ. ಮುಂದಿನ ಪೇಷಂಟು ಬಾಗಿಲು ತಟ್ಟುವವರೆಗೂ ಬೆರಳನ್ನು ಅಲ್ಲೇ ಹಿಡಿದುಕೊಂಡಿದ್ದೆ.